ಬೆಟ್ಟಮ್ಮನ ಸೂರಿಗೊಂದು ಹೆಂಚು

ಮಚ್ಚು ನನ್ನ ಗಂಟಲಿನಿಂದ ಎರಡು ಬೆರಳು ದೂರದಲ್ಲಿತ್ತು.

ಹಿಡಿದವನು ಚಿಕ್ಕಣ್ಣ. ಮದ್ದೂರಿನ ಮಣ್ಣಿನ ಹೆಂಚಿನ ವ್ಯಾಪಾರಿಯ ಬಲಗೈ.

“ಚೀಲ ಕೊಡ್ಲಾ! ಕೊಟ್ರೆ ಮನೆಗೋಯ್ತೀಯ. ಇಲ್ದಿದ್ರೆ ಆಸ್ಪತ್ರೆಗೆ.”

“ಆಸ್ಪತ್ರೆ ಬಸ್ಸು ಎಷ್ಟೊತ್ತಿಗೆ?” ಎಂದೆ.

ಚೀಲದಲ್ಲಿದ್ದದ್ದು ಚಿನ್ನವಲ್ಲ ಸ್ವಾಮಿ... ಒಂದು ಹೆಂಚು! ಮಳವಳ್ಳಿಯ ಸೈನ್ಸ್ ಮೇಷ್ಟ್ರು ಪಾರ್ಥಸಾರಥಿ ಒಡೆದ ಪ್ಲಾಸ್ಟಿಕ್ ಬಕೆಟ್ಟು ಕರಗಿಸಿ, ಮರಳು ಬೆರೆಸಿ, ಅಚ್ಚಿಗೆ ಒತ್ತಿದ್ದು. ಮಣ್ಣಿನ ಹೆಂಚಿನ ಅರ್ಧ ಬೆಲೆ. ಇವತ್ತು ಮಧ್ಯಾಹ್ನ ಮೂರು ಗಂಟೆಯೊಳಗೆ ಮಂಡ್ಯದ ಇಂಜಿನಿಯರ್ ಪಾಸು ಮಾಡಿದರೆ, ಬೆಳಕವಾಡಿಯ ಬೆಟ್ಟಮ್ಮನಿಗೆ ಸರ್ಕಾರ ಕಟ್ಟಿಸಿ ಬಿಟ್ಟ ಬರೀ ಗೋಡೆಗಳಿಗೆ ಸೂರು. ಇಲ್ಲವಾದರೆ ಈ ಮಳೆಗಾಲವೂ ಅವಳು ಕೊಡೆ ಹಿಡಿದೇ ಮುದ್ದೆ ತಿರುವಬೇಕು.

ಹೆಂಚು ಮಂಡ್ಯಕ್ಕೆ ಮುಟ್ಟಿಸುವ ಕೆಲಸ ನನ್ನದು. ನೇರ ರಸ್ತೆಯಲ್ಲಿ ವ್ಯಾಪಾರಿಯ ಕಡೆಯವರು ತಡೆಯುತ್ತಾರೆಂದು ಮದ್ದೂರಿನ ಮೇಲೆ ಹೊರಟಿದ್ದೆ. ವ್ಯಾಪಾರಿ ಇರುವುದೇ ಮದ್ದೂರಿನಲ್ಲಿ ಎಂಬುದು ಬಸ್ಸಿಳಿದ ಮೇಲೆ ನೆನಪಾಯಿತು.

ಚೀಲ ಬೀಸಿದೆ. ಠಣ್! ಮಚ್ಚು ಹಾರಿತು. ಹೆಂಚಿಗೆ ಏನೂ ಆಗಲಿಲ್ಲ. ಚಿಕ್ಕಣ್ಣನ ಮೊಣಕೈ ಬಗ್ಗೆ ಹಾಗೆ ಹೇಳಲಾರೆ.

ಓಡಿದೆ! ಎಳನೀರಿನ ಗುಡ್ಡೆ ಹಾರಿ, ಹೊರಟಿದ್ದ ಮಂಡ್ಯ ಬಸ್ಸಿನ ಫುಟ್‌ಬೋರ್ಡ್ ಹಿಡಿದೆ. ಚಿಕ್ಕಣ್ಣನೂ ಹಾರಿದ. ಅವನ ಕಾಲೊಂದು ಒಳಗೆ ಬಂತು, ಮೈ ಬರಲಿಲ್ಲ. ಕಾಲೂ ವಾಪಸು ಹೋಯಿತು. ಹಸಿರು ಪ್ಲಾಸ್ಟಿಕ್ ಚಪ್ಪಲಿ ಮಾತ್ರ ಉಳಿಯಿತು.

“ಲೇ! ಒಸಾದು ಕಣ್ಲಾ ಅದು!”

ಕಂಡಕ್ಟರ್ ಚಪ್ಪಲಿ ನೋಡಿದ. “ಇದು ಲಗೇಜಾ?” ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಮಂಡ್ಯದಲ್ಲಿ ಮೇಷ್ಟ್ರೂ ಬೆಟ್ಟಮ್ಮನೂ ಕಾಯುತ್ತಿದ್ದರು. ಇಂಜಿನಿಯರ್ ವರದರಾಜ ಹೆಂಚಿನ ಮೇಲೆ ನೀರು ಸುರಿದರು. ಬೂಟಿನ ಸಮೇತ ಹತ್ತಿ ನಿಂತರು. ಗಟ್ಟಿ! ಪೆನ್ನು ತೆಗೆದರು...

ಆಗ ಹೆಂಚಿನ ಮೂಲೆಯಲ್ಲಿ ಕರಗದೆ ಉಳಿದ ಬಕಲ್ ಕಣ್ಣಿಗೆ ಬಿತ್ತು.

“ಏನ್ರೀ ಇದು, ಮೇಷ್ಟ್ರೇ?”

ಮೇಷ್ಟ್ರಿಗೆ ಸುಳ್ಳು ಬಾರದು. “ಬಕೆಟ್ಟು ಸಾಲಲಿಲ್ಲ ಸಾರ್... ಹಳೇ ಚಪ್ಪಲಿ ಸೇರಿಸಿದೆ.”

“ಜನರ ತಲೆ ಮೇಲೆ ಚಪ್ಪಲಿಯೇ? ದೇವರ ಪಟದ ಮೇಲೂ? ಆಗೋಲ್ಲ ಕಣ್ರೀ!” ಪೆನ್ನಿಗೆ ಮತ್ತೆ ಮುಚ್ಚಳ ಬಿತ್ತು.

ಮಚ್ಚಿಗೆ ಹೆದರದ ನಾನು ಆ ಮುಚ್ಚಳಕ್ಕೆ ಬೆವತೆ.

ಬೆಟ್ಟಮ್ಮ ಮುಂದೆ ಬಂದಳು. “ಮೂರ್ ಮಳೆಗಾಲ ದೇವ್ರೂ ನನ್ ಜೊತೇಲೆ ನೆಂದವ್ನೆ ಸ್ವಾಮಿ. ಚಪ್ಲಿ ಸೂರು ಬ್ಯಾಡ ಅಂತ ಒಂದಿನಾನೂ ಅನ್ನಿಲ್ಲ. ನೀವ್ಯಾಕಂತೀರಿ?”

ಇಂಜಿನಿಯರ್ ತಮ್ಮ ಕಚೇರಿಯ ಸೀಲಿಂಗ್ ನೋಡಿದರು. ಅದು ಸೋರುತ್ತಿರಲಿಲ್ಲ. ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

ಸಹಿ ಬಿತ್ತು! ಒಂದು ಷರತ್ತು: ದೇವರ ಮೂಲೆಗೆ ಬರೀ ಬಕೆಟ್ಟಿನ ಹೆಂಚು.

ಮಳೆಗೆ ಮುಂಚೆ ಸೂರು ಮುಗಿಯಿತು. ಕಡೇ ಹೆಂಚಿಗೆ ಸಾಮಾನು ಚೂರು ಕಡಿಮೆ ಬಿತ್ತು. ನನ್ನ ಚೀಲದಲ್ಲಿ ಇತ್ತಲ್ಲ! ಬಾಗಿಲ ಮೇಲೆ, ಹಸಿರು ಛಾಯೆಯದು.

ಮೊನ್ನೆ ಚಿಕ್ಕಣ್ಣ ಸಿಕ್ಕಿದ. “ನನ್ ಚಪ್ಲಿ ಎಲ್ಲಲಾ?”

“ಬೆಟ್ಟಮ್ಮನ ಮನೆಗೆ ಹೋಗು,” ಎಂದೆ. “ತಲೆಯೆತ್ತಿ ಹುಡುಕು.”