ಬೀಗತಿಯ ನೀರು ಭಜ್ಜಿ

ಎಳ್ಳಮಾವಾಸ್ಯೆಯ ಭಜ್ಜಿ ಗಟ್ಟಿ ಇರಬೇಕೋ ತೆಳ್ಳಗಿರಬೇಕೋ ಎಂಬುದು ಎರಡು ಮನೆತನಗಳ ನಡುವೆ ಇತ್ಯರ್ಥವಾಗದೆ ಉಳಿದಿದ್ದ ಬಹು ಗಂಭೀರವಾದ ಪ್ರಶ್ನೆಯಾಗಿತ್ತು. ಎಣ್ಣೆಯಲ್ಲಿ ಕರಿದು ಚಹಾದ ಜೊತೆ ತಿನ್ನುವ ಭಜ್ಜಿಯ ಮಾತಲ್ಲ ಇದು. ಅಂಥ ಪುಡಿ ತಿಂಡಿಗೆ ಯಾರೂ ಮಾನ ಪಣಕ್ಕಿಡುವುದಿಲ್ಲ. ಇದು ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಪುಂಡಿಪಲ್ಯ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕಲಸಿ ಕುದಿಸಿ, ಹೊಲಕ್ಕೆ ಒಯ್ದು, ಮೊದಲು ಭೂಮಿತಾಯಿಗೆ ಉಣಿಸಿ, ಆಮೇಲೆ ಸಜ್ಜೆ ಕಡುಬಿನ ಜೊತೆ ತಾವು ಉಣ್ಣುವ ಭಜ್ಜಿ. ಕಮಲಾಪುರದ ಅಣವೀರಪ್ಪನ ಮನೆಯಲ್ಲಿ ಅದು ಗಟ್ಟಿ. ಕಲಬುರಗಿಯ ವಿಮಲಾಬಾಯಿಯ ಮನೆಯಲ್ಲಿ ತೆಳು. ವಿಮಲಾಬಾಯಿಯ ಮಗಳು ಶೀಲಾಳನ್ನು ಅಣವೀರಪ್ಪನ ಮಗ ವಿವೇಕಾನಂದನಿಗೆ ಕೊಡುವಾಗ ಬಂಗಾರ, ಕಲ್ಯಾಣ ಮಂಟಪ, ಹುಡುಗನ ನೌಕರಿ ಎಲ್ಲದರ ಮಾತಾಗಿತ್ತು. ಭಜ್ಜಿಯ ಮಾತು ಯಾರಿಗೂ ನೆನಪಾಗಿರಲಿಲ್ಲ.

ಮದುವೆಯಾದ ಮೊದಲ ವರ್ಷ ಬೀಗರನ್ನು ಹೊಲಕ್ಕೆ ಕರೆಯುವುದು ರೀತಿ. ವಿಮಲಾಬಾಯಿ ದೊಡ್ಡ ಸ್ಟೀಲ್ ಪಾತ್ರೆಯ ತುಂಬ ಭಜ್ಜಿ ಮಾಡಿಕೊಂಡು ಹೋದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಹಿಳಾ ಕಾಲೇಜೊಂದರಲ್ಲಿ ಲೈಬ್ರರಿಯನ್. ಹಗಲೆಲ್ಲ ಹುಡುಗಿಯರಿಗೆ ಸದ್ದು ಮಾಡಬೇಡಿ ಎಂದು ಹೇಳಿ ಮನೆಗೆ ಬಂದರೆ, ಅಲ್ಲಿ ಹಾಗೆ ಹೇಳಿಸಿಕೊಳ್ಳಲೂ ಯಾರೂ ಇರುತ್ತಿರಲಿಲ್ಲ. ಅಣವೀರಪ್ಪನ ಹೆಂಡತಿಯೂ ತೀರಿಕೊಂಡಿದ್ದಳು. ಅವನಿಗೆ ತೊಗರಿ-ಜೋಳದ ಹೊಲ, ಕೆಂಪು ಬಾಳೆಯ ತೋಟ, ಜೊತೆಗೆ ಅಕ್ಕ ಜಯದೇವಿ. ಜಯದೇವಿ ಇದ್ದ ಮನೆಯಲ್ಲಿ ಬೇರೆಯವರಿಗೆ ಬಾಯಿ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಆದರೂ ಅವತ್ತು ಅವನು ತೆರೆದ. ಪಾತ್ರೆಯ ಮುಚ್ಚಳ ಎತ್ತಿ, ಒಳಗೆ ಬಗ್ಗಿ ನೋಡಿ, ಬಾವಿ ನೋಡುವವನ ಹಾಗೆ ತಲೆ ಆಡಿಸಿದ.

“ಬೀಗತ್ಯಾರ, ಇದಕ್ಕೊಂದು ಮೋಟಾರ್ ಕೂಡಿಸಿದ್ರ ಎರಡು ಎಕರೆ ಬಾಳಿ ತೊಯ್ತದ್ರೀ.”

“ನಿಮ್ಮ ಮನಿ ಭಜ್ಜಿ ಕೊಡ್ರಿ ಬೀಗರ,” ಎಂದಳು ವಿಮಲಾಬಾಯಿ, “ಅದರಲೇ ಮೋಟಾರಿಗೆ ಕಟ್ಟಿ ಕಟ್ಟೋಣು. ಸಿಮೆಂಟ್ ಉಳೀತದ.”

ಬೇವಿನ ಮರದ ಕೆಳಗೆ ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಬೀಗರು ಒಬ್ಬರನ್ನೊಬ್ಬರು ಹಂಗಿಸುವುದು ಆ ಕಡೆ ತಪ್ಪಲ್ಲ. ಹಂಗಿಸದಿದ್ದರೇ ಏನೋ ಮನಸ್ತಾಪ ಇದೆ ಎಂದು ಜನ ಅನುಮಾನಪಡುತ್ತಾರೆ. ಅಣವೀರಪ್ಪ ಆ ನೀರನ್ನು ಮೂರು ಸಲ ಹಾಕಿಸಿಕೊಂಡು ಉಂಡ. ಉಂಡು ತಲೆ ಎತ್ತಿದಾಗ ಮೀಸೆಗೆ ಮೆಂತ್ಯದ ಒಂದು ಸಣ್ಣ ಎಲೆ ಅಂಟಿತ್ತು. ಹೇಳುವುದು ಹೇಗೆ? ವಿಮಲಾಬಾಯಿ ಅತ್ತಿತ್ತ ನೋಡಿ, ಬೆರಳಿನಿಂದ ತನ್ನದೇ ಮೇಲ್ದುಟಿಯನ್ನು ಮುಟ್ಟಿ ತೋರಿಸಿದಳು. ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮೀಸೆ ಒರೆಸಿಕೊಂಡು, ಒರೆಸಿಕೊಂಡ ಮೇಲೂ ಅವಳ ಬೆರಳನ್ನೇ ನೋಡುತ್ತ ಕೂತ.

ಬೀಗರ ಮನೆಯ ಹಬ್ಬವೆಂದರೆ ತಲೆನೋವು ಎಂದು ಲೋಕವೇ ಹೇಳುತ್ತದೆ. ವಿಮಲಾಬಾಯಿಯೂ ಕಾಲೇಜಿನಲ್ಲಿ ಹಾಗೇ ಹೇಳುತ್ತಿದ್ದಳು, “ಏನು ಮಾಡೋದ್ರಿ, ಹೋಗದಿದ್ರ ನಡೆಯಂಗಿಲ್ಲ” ಎಂದು ನಿಟ್ಟುಸಿರು ಬಿಡುತ್ತಿದ್ದಳು, ಸಂಜೆ ಟೇಲರ್ ಅಂಗಡಿಗೆ ಹೋಗಿ ಹೊಸ ಜಂಪರಿಗೆ ಅಳತೆ ಕೊಡುತ್ತಿದ್ದಳು. ಯುಗಾದಿ, ಪಂಚಮಿ, ಮಹಾನವಮಿ, ದೀಪಾವಳಿ. ಒಂದೊಂದು ಹಬ್ಬಕ್ಕೂ ಜಯದೇವಿಯ ಚುಚ್ಚುಮಾತು, ಯಾರು ಮೊದಲು ಉಣ್ಣಬೇಕೆಂಬ ಮುನಿಸು, ಯಾರ ಸೀರೆಗೆ ಎಷ್ಟು ಎಂಬ ವಿಚಾರಣೆ. ಇವೆಲ್ಲ ಮುಗಿದು, ಎಲ್ಲೋ ಒಂದು ಗಳಿಗೆಯಲ್ಲಿ, ಪಡಸಾಲೆಯ ಆ ತುದಿಯಿಂದ “ಬೀಗತ್ಯಾರ” ಎಂಬ ಒಂದು ಕೂಗು. ಅದರ ಹಿಂದೆ ಒಂದು ಬೈಗುಳ. ಆ ಬೈಗುಳಕ್ಕಾಗಿ ಅವಳು ತಿಂಗಳುಗಟ್ಟಲೆ ಕಾಯುತ್ತಿದ್ದಳು. ಪ್ರೇಮ ಎಂಬ ಪದ ಅವಳ ಲೈಬ್ರರಿಯಲ್ಲಿ ಕಪಾಟುಗಟ್ಟಲೆ ಇತ್ತು. ಈ ಕಾಯುವಿಕೆಗೆ ಆ ಕಪಾಟಿನ ಹೆಸರಿಡುವ ಧೈರ್ಯ ಮಾತ್ರ ಅವಳಿಗಿರಲಿಲ್ಲ. ಎಳ್ಳಮಾವಾಸ್ಯೆ ಬಂದಾಗ ಭಜ್ಜಿಯನ್ನು ಇನ್ನಷ್ಟು ತೆಳ್ಳಗೆ ಮಾಡುತ್ತಿದ್ದಳು, ಅಷ್ಟೇ.

ಹೊರಡುವಾಗ ಅವನು ಕೆಂಪು ಬಾಳೆಯ ಒಂದು ಚಿಪ್ಪನ್ನು ತಾನೇ ತಂದು ಕೈಗೆ ಕೊಡುತ್ತಿದ್ದ. ಯಾವಾಗಲೂ ಕಾಯಿ. ತಿನ್ನಲು ವಾರವಾದರೂ ಬೇಕು.

ಹೀಗೇ ಆರು ವರ್ಷ ನಡೆಯಿತು. ಈಚಿನ ದೀಪಾವಳಿ ವಿವೇಕಾನಂದ-ಶೀಲಾರ ಮನೆಯಲ್ಲಿ, ಕಲಬುರಗಿಯ ಕೋಟನೂರ ಕಡೆಯ ಹೊಸ ಬಡಾವಣೆಯಲ್ಲಿ. ಹೊರಗೆ ಪಟಾಕಿಯ ಸದ್ದು. ಅಡುಗೆಮನೆಯಲ್ಲಿ ವಿಮಲಾಬಾಯಿ ಒಬ್ಬಳೇ ಹಾಲು ಕಾಯಿಸುತ್ತಿದ್ದಳು. ಅಣವೀರಪ್ಪ ನೀರು ಕುಡಿಯಲು ಬಂದ. ಪಡಸಾಲೆಯಲ್ಲೇ ತುಂಬಿದ ತಂಬಿಗೆ ಇತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

“ಮಹಾನವಮಿಗಿ ಕೊಟ್ಟ ಬಾಳೆಹಣ್ಣು ತಿಂದ್ರೇನು?”

“ಹಣ್ಣೆಲ್ಲಿ ಕೊಟ್ಟೀರಿ? ಕಾಯಿ ಕೊಟ್ಟು ಹಣ್ಣಂತ ಹೆಸರು ಹೇಳ್ತೀರಿ. ಬಣಜಿಗರ ಬುದ್ಧಿ ಯಾವಾಗ ಕಲ್ತ್ರಿ?”

“ಹಣ್ಣು ಕೊಟ್ರ ಎರಡು ದಿನದಾಗ ತಿಂದು ಮರೀತೀರಿ,” ಎಂದ. ಲೋಟ ಕೆಳಗಿಟ್ಟು, “ಕಾಯಿ ಕೊಟ್ರ, ಹಣ್ಣಾಗ್ಯಾದೋ ಇಲ್ಲೋ ಅಂತ ದಿನಾ ಒಮ್ಮೆ ಮುಟ್ಟಿ ನೋಡ್ಬೇಕಾಗ್ತದ.”

ವಿಮಲಾಬಾಯಿ ಹಾಲಿನ ಕಡೆ ತಿರುಗಿದಳು. ಹಾಲು ಉಕ್ಕುವ ಯಾವ ಲಕ್ಷಣವೂ ಇರಲಿಲ್ಲ. ಮಾತನ್ನು ಮತ್ತೆ ತಮಾಷೆಯ ದಂಡೆಗೆ ಎಳೆಯಬೇಕೆಂದು, “ಈ ಬೀಗತನ ಒಂದು ಇಲ್ಲದಿದ್ರ ನೀವು ಯಾರೋ, ನಾ ಯಾರೋ” ಎಂದಳು.

“ಹೌದ್ರೀ. ಬೀಗತನ ಅದ. ಅದಕ್ಕೇ ನೀವು ಯಾರೋ ನಾ ಯಾರೋ ಆಗೇ ಇರಬೇಕಾಗ್ಯಾದ.”

ಇಬ್ಬರೂ ನಕ್ಕರು. ನಗೆ ಅರ್ಧಕ್ಕೆ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು. ಆಗ ಬಾಗಿಲಲ್ಲಿ ಜಯದೇವಿ ನಿಂತಿದ್ದಳು. ಅವಳ ಕೈಯಲ್ಲಿ ಕರ್ಚಿಕಾಯಿಯ ತಟ್ಟೆ, ಕಿವಿ ಎರಡೂ ಕೇಳಲು ಖಾಲಿ.

ಜಯದೇವಿ ತಟ್ಟೆ ಹಿಡಿದು ಹಾಗೇ ಹಿಂದಕ್ಕೆ ಹೋದಳು. ಎಲ್ಲರೂ ಫರಾಳಕ್ಕೆ ಕೂತ ಮೇಲೆ, ತಟ್ಟೆಗೆ ಚಕ್ಕುಲಿ ಇಡುತ್ತ, ಇಡೀ ಪಡಸಾಲೆಗೆ ಕೇಳುವಂತೆ ನಗುನಗುತ್ತಲೇ ಅಂದಳು: “ನಮ್ಮ ಅಣವೀರಾ, ವಿಮಲಾಬಾಯರು ಹಿಂಗೇ ಮೂಲಿಗಿ ನಿಂತು ನಕ್ಕೋತ ಇದ್ರ, ಒಂದಿನ ವಿವೇಕಾ ಶೀಲಾ ಅಣ್ಣ-ತಂಗಿ ಆಗಿಬಿಡ್ತಾರ ನೋಡ್ರೆವ್ವ!”

ಅವನ ಅಪ್ಪ, ಇವಳ ಅವ್ವ ಗಂಡ ಹೆಂಡತಿಯಾದರೆ ಮಕ್ಕಳು ಏನಾಗುತ್ತಾರೆ ಎಂಬ ಲೆಕ್ಕ ಕೂತವರಿಗೆಲ್ಲ ಒಮ್ಮೆಗೇ ತಿಳಿಯಿತು. ಎಲ್ಲರೂ ನಕ್ಕರು. ವಿವೇಕಾನಂದ ನಗಲಿಲ್ಲ. ತಟ್ಟೆ ಬಿಟ್ಟು ಎದ್ದು ಹೋಗಿ ಹೊರಗೆ ಕಾರು ಒರೆಸತೊಡಗಿದ.

ಮರುವಾರ ಶೀಲಾ ತವರಿಗೆ ಬಂದಳು. ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಸೋಫಾದ ಅಂಚಿಗೆ ಕೂತಳು.

“ಅವ್ವ, ಅತ್ತಿ ಖಾಲಿ ಮಜಾಕ್ ಮಾಡಿದ್ರು ಅಂತ ತಿಳ್ಕೊಂಡಿ ಏನು?”

ವಿಮಲಾಬಾಯಿ ಚಹಾದ ಕಪ್ಪು ತಂದು ಅವಳ ಮುಂದಿಟ್ಟಳು.

“ಕಮಲಾಪುರದಾಗ ಎಲ್ಲರ ಬಾಯಾಗ ಅದೇ ಅದ. ‘ನಿನ್ನ ತಂಗಿ ಆರಾಮ್ ಅದಾಳೇನಪಾ’ ಅಂತ ಇವರಿಗೆ ಫೋನ್ ಮಾಡಿ ಕೇಳ್ತಾರ. ಇವರು ನನ್ನ ಜೋಡಿ ನೆಟ್ಟಗ ಮಾತಾಡವಲ್ಲರು. ನನ್ನ ಮುಖಾ ನೋಡಿದ್ರ ಅದೇ ನೆನಪಾಗ್ತದಂತ.” ಶೀಲಾಳ ದನಿ ಒಡೆಯಿತು. “ನೀ ಹಬ್ಬಕ್ಕೊಮ್ಮೆ ಬಂದು ನಕ್ಕು ಹೋಗ್ತಿ. ನಾ ದಿನಾ ಈ ಮಂದಿ ನಡುವ ಬಾಳೇ ಮಾಡ್ಬೇಕವ್ವ. ಹಂಗಂತ... ನೀ ನಗಬ್ಯಾಡ ಅಂತ ನಾ ಹ್ಯಾಂಗ ಹೇಳ್ಲಿ?”

“ನೀ ಏನೂ ಹೇಳ್ಬ್ಯಾಡ,” ಎಂದಳು ವಿಮಲಾಬಾಯಿ. “ಚಹಾ ಕುಡಿ.”

ಬಾಳೆಕಾಯಿಯ ಬುಟ್ಟಿಯಲ್ಲಿ ದೀಪಾವಳಿಯ ಚಿಪ್ಪು ಇತ್ತು. ಮಗಳು ಹೋದ ಮೇಲೆ ಮುಟ್ಟಿ ನೋಡಿದಳು. ಇನ್ನೂ ಗಟ್ಟಿ.

ಎಳ್ಳಮಾವಾಸ್ಯೆಯ ಬೆಳಗ್ಗೆ ಭಜ್ಜಿ ಕುದಿಯುತ್ತಿತ್ತು. ಎಂದಿನಷ್ಟು ಕಡಲೆಹಿಟ್ಟು ಕಲಸಿ ಹಾಕಿ ಆಗಿತ್ತು. ವಿಮಲಾಬಾಯಿ ಡಬ್ಬಿಯ ಮುಚ್ಚಳ ಮುಚ್ಚಿದವಳು ಮತ್ತೆ ತೆಗೆದಳು. ಒಂದು ಹಿಡಿ ಹಾಕಿದಳು. ತಿರುವಿದಳು. ಇನ್ನೊಂದು ಹಿಡಿ. ಸೌಟು ಭಾರವಾಗತೊಡಗಿತು. ಡಬ್ಬಿ ಖಾಲಿಯಾಗುವವರೆಗೆ ಹಾಕಿದಳು. ಈ ನಗೆ ಇಲ್ಲಿಗೆ ಸಾಕು ಎಂಬುದು ಅವನಿಗೆ ಫೋನ್ ಮಾಡಿ ಹೇಳುವ ಮಾತಲ್ಲ; ಎದುರು ನಿಂತು ಹೇಳುವ ಶಕ್ತಿಯೂ ಇರಲಿಲ್ಲ. ಪಾತ್ರೆ ನೋಡಿದರೆ ತಿಳಿದುಕೊಳ್ಳುತ್ತಾನೆ, ಹೇಗೂ ಅವನು ಮೊದಲು ನೋಡುವುದು ಪಾತ್ರೆಯನ್ನೇ, ಎಂದುಕೊಂಡಳು.

ಹೊಲದಲ್ಲಿ ಜೋಳ ಆಳೆತ್ತರ ನಿಂತಿತ್ತು. ಬೇವಿನ ಬುಡದಲ್ಲಿ ಐದು ಕಲ್ಲಿಗೆ ಪೂಜೆಯಾಯಿತು. ಅಣವೀರಪ್ಪ ಕಡುಬು ರೊಟ್ಟಿಯ ಬುಟ್ಟಿ ಹಿಡಿದು, ಹೊಲದ ತುಂಬ ಎಡೆ ಎರಚುವ ಚರಗ ಚೆಲ್ಲಲು ಹೊರಟ. ಹಿಂದೆ ನೀರು ಚಿಮುಕಿಸುತ್ತ ವಿವೇಕಾನಂದ. ಮುಂದಿನವನು ಕೂಗಬೇಕು, ಹಿಂದಿನವನು ಓಗೊಡಬೇಕು. ಜೋಳದ ಮರೆಯಲ್ಲಿ ಇಬ್ಬರೂ ಕಾಣುತ್ತಿರಲಿಲ್ಲ. ಅಣವೀರಪ್ಪನ ಕೂಗು ಮಾತ್ರ ಹೊಲದ ಆ ಬದುವಿನಿಂದ ಈ ಬದುವಿಗೆ ಬಂತು. ಮಗನ ಓಗೊಡುವ ದನಿ ಸಣ್ಣದು, ಕೇಳಿಸಲಿಲ್ಲ. ಚಾಪೆ ಹಾಸುತ್ತಿದ್ದ ವಿಮಲಾಬಾಯಿಯ ತುಟಿ ಓಗೊಡಲು ತನ್ನಷ್ಟಕ್ಕೆ ಆಡಿತು. ಅದನ್ನು ಅವಳು ಸೆರಗಿನಿಂದ ಮುಚ್ಚಿದಳು.

ಬಂದು ಕೈಕಾಲು ತೊಳೆದು, ಎಲ್ಲರೂ ಸಾಲಾಗಿ ಕೂತರು. ವಿಮಲಾಬಾಯಿಯ ಪಾತ್ರೆ ನಡುವೆ ಬಂತು. ಎಲ್ಲರ ಕಣ್ಣೂ ಅಣವೀರಪ್ಪನ ಮೇಲೆ. ಜಯದೇವಿ ಅವನಿಗೂ ಮನೆಯಲ್ಲಿ ಸಾಕಷ್ಟು ಹೇಳಿದ್ದಳು. ಅವನು ಕೇಳಿಸಿಕೊಂಡಿದ್ದ. ಆದರೆ ಒಂದು ವರ್ಷದಿಂದ ಕೂಡಿಟ್ಟ ಬೈಗುಳ ಅದು; ಬಾಯಲ್ಲಿ ನಿಲ್ಲಲಿಲ್ಲ. ಮುಚ್ಚಳ ಪೂರ್ತಿ ತೆಗೆಯುವ ಮೊದಲೇ, ಪಾತ್ರೆಯನ್ನು ನೋಡದೆ, ಅವಳನ್ನೇ ನೋಡುತ್ತ ಅಂದ:

“ಬೀಗತ್ಯಾರ, ಈ ಸಲ ಡ್ಯಾಮಿನ ಗೇಟ್ ತೆಗದು ಬಂದೀರೇನು? ಈಜು ಬರಲಾರದವರು ದೂರ ಕೂಡ್ರೆಪಾ!”

ಯಾರೂ ನಗಲಿಲ್ಲ. ಮುಚ್ಚಳ ತೆಗೆದಾಗಿತ್ತು. ಒಳಗಿನದು ಎಲ್ಲರಿಗೂ ಕಾಣುತ್ತಿತ್ತು, ಅವನೊಬ್ಬನ ಹೊರತು.

ಜಯದೇವಿ ಸೌಟು ತೆಗೆದುಕೊಂಡಳು. ಭಜ್ಜಿಯ ನಡುಮಧ್ಯಕ್ಕೆ ಚುಚ್ಚಿ ಕೈಬಿಟ್ಟಳು. ಸೌಟು ನೆಟ್ಟ ಕಂಬದ ಹಾಗೆ ನಿಂತಿತು.

“ಅಣವೀರಾ,” ಎಂದಳು, ಬಹಳ ಮೆತ್ತಗೆ. “ಸೌಟು ನಿಂತಾದಲ್ಲೋ.”

ಆಗ ಅವನು ಪಾತ್ರೆ ನೋಡಿದ. ನಿಂತ ಸೌಟನ್ನು ನೋಡಿದ. ಆರು ವರ್ಷದ ಜಗಳ ಭಜ್ಜಿಯದಾಗಿರಲಿಲ್ಲ ಎಂಬುದು ಸಾಲಿನಲ್ಲಿ ಕೂತ ಪ್ರತಿಯೊಬ್ಬರಿಗೂ ತಿಳಿದುಹೋಗಿತ್ತು. ಅವನಿಗೆ ತಿಳಿದದ್ದು ಬೇರೆ. ಅವನು ತಲೆ ಎತ್ತಿ ವಿಮಲಾಬಾಯಿಯನ್ನು ನೋಡಿದ. ಅವಳು ಜೋಳದ ತೆನೆಗಳನ್ನು ನೋಡುತ್ತಿದ್ದಳು. ಶೀಲಾ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ಅದು ಆಗಲೇ ಚೂರುಚೂರಾಗಿತ್ತು.

ಅಣವೀರಪ್ಪ ತಟ್ಟೆ ಮುಂದೆ ಮಾಡಿದ. ಒಂದು ತುತ್ತು ಉಂಡ. ಎರಡನೆಯದನ್ನು ಬಹಳ ಹೊತ್ತು ಅಗಿದ.

“ಹೌದಲ್ಲ,” ಎಂದ. “ಗಟ್ಟಿ ಆಗ್ಯಾದ. ಚಲೋ ಆಗ್ಯಾದ್ರೀ, ಅಕ್ಕಾರ.”

ಅಕ್ಕಾರ. ವಿಮಲಾಬಾಯಿಗೆ ಆ ಪದವನ್ನು ಅವನು ಮೊದಲ ಸಲ ಬಳಸಿದ್ದ. ಜಯದೇವಿ ಉಸಿರು ಬಿಟ್ಟು, ಸೌಟು ಕಿತ್ತು, ಎಲ್ಲರಿಗೂ ಬಡಿಸುತ್ತ ಹೋದಳು. ಸಾಲಿನಲ್ಲಿ ಮೆಲ್ಲಗೆ ಮಾತು ಶುರುವಾಯಿತು. ಅಣವೀರಪ್ಪನ ಮೀಸೆಗೆ ಮೆಂತ್ಯದ ಎಲೆಯೊಂದು ಅಂಟಿತ್ತು. ವಿಮಲಾಬಾಯಿಗೆ ಕಂಡಿತು. ಅವಳ ಬಲಗೈ ಮಡಿಲಿನಿಂದ ಒಂದಿಷ್ಟು ಎದ್ದು, ಮತ್ತೆ ಅಲ್ಲೇ ಮಲಗಿತು.

“ಮೀಸಿ ಒರಸ್ಕೊಳೋ,” ಎಂದಳು ಜಯದೇವಿ.

ಇಳಿಹೊತ್ತಿನಲ್ಲಿ ವಿಮಲಾಬಾಯಿ ಮಗಳು ಅಳಿಯನ ಕಾರಿನಲ್ಲಿ ಹೊರಟಳು. ಬಾಳೆಯ ಚಿಪ್ಪನ್ನು ಅಣವೀರಪ್ಪ ಈ ಸಲ ಕೈಗೆ ಕೊಡಲಿಲ್ಲ. ಕಾರಿನ ಡಿಕ್ಕಿಯಲ್ಲಿ ಇಟ್ಟು, ಕಿಟಕಿಯ ಬಳಿ ಬಂದು ನಿಂತ. ಪೂರ್ತಿ ಹಣ್ಣಾದ ಕೆಂಪು ಬಾಳೆ. ಘಮ ಕಾರಿನೊಳಗೆ ತುಂಬಿತ್ತು.

“ಇವತ್ತೇ ತಿಂದುಬಿಡ್ರಿ, ಅಕ್ಕಾರ,” ಎಂದ. “ಇಟ್ರ ಉಳಿಯಂಗಿಲ್ಲ.”

ಅವಳು ಅವನ ಮುಖವನ್ನು ನೋಡಿದಳು. ಎಲ್ಲರೆದುರು ಅಷ್ಟು ಹತ್ತಿರದಿಂದ, ಅಷ್ಟು ನೇರವಾಗಿ ಹಿಂದೆಂದೂ ನೋಡಿರಲಿಲ್ಲ. ಇನ್ನು ನೋಡಿದರೆ ತಪ್ಪೇನಿರಲಿಲ್ಲ.

“ತಿಂತೀನ್ರಿ, ಅಣ್ಣಾರ.”

ಕಾರು ಹೆದ್ದಾರಿಗೆ ಹತ್ತಿತು. ಜೋಳದ ಹೊಲಗಳು ಹಿಂದೆ ಸರಿದವು. ಆಮೇಲೆ ವಿವೇಕಾನಂದ ಪಕ್ಕಕ್ಕೆ ತಿರುಗಿ, “ಶೀಲಾ, ಗ್ಲಾಸ್ ಏರಿಸಲೇನು? ಥಂಡಿ ಅದ” ಎಂದು ಕೇಳಿದ. ಶೀಲಾ “ಹ್ಞೂಂ, ಏರಿಸ್ರಿ” ಎಂದಳು. ಅವಳ ದನಿಯಲ್ಲಿ ಸಣ್ಣದೊಂದು ನಗೆ ಇತ್ತು. ಹಿಂದಿನ ಸೀಟಿನಲ್ಲಿ ವಿಮಲಾಬಾಯಿ ತೊಡೆಯ ಮೇಲಿನ ಖಾಲಿ ಪಾತ್ರೆಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಗ್ಲಾಸು ಏರಿತು. ಬಾಳೆಯ ಘಮ ಒಳಗೇ ಉಳಿಯಿತು.

ಭಜ್ಜಿಯ ಪ್ರಶ್ನೆ ಹೀಗೆ ಇತ್ಯರ್ಥವಾಯಿತು. ಗಟ್ಟಿ ಇರಬೇಕು.