ಐದನೇ ಫೋಲ್ಡರ್

ಮನೆಯವರ ಕಾಗದಪತ್ರಗಳನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದು ಜೋಡಿಸಿಡುವವಳು ನಾನೇ. ನನಗೆ, ಗಂಡನಿಗೆ, ಮಗಳಿಗೆ, ಅತ್ತೆಗೆ ಒಂದೊಂದು ಫೋಲ್ಡರ್. ಪ್ರತಿ ಫೋಟೊದ ಎಡಮೂಲೆಯಲ್ಲೂ ಹಾಳೆಯನ್ನು ಒತ್ತಿ ಹಿಡಿದ ನನ್ನ ಹೆಬ್ಬೆರಳು ಬಂದಿರುತ್ತದೆ.

“ನಿನ್ನ ಹೆಬ್ಬೆರಳಿಗೂ ಒಂದು ಗುರುತಿನ ಚೀಟಿ ಮಾಡಿಸ್ಬೇಕು ಕಣೇ,” ಎಂದು ಗಂಡ ರೇಗಿಸುತ್ತಾರೆ.

ಕಳೆದ ಭಾನುವಾರ ಮಧ್ಯಾಹ್ನ ನೋಡಿದರೆ ಐದನೆಯದೊಂದು ಫೋಲ್ಡರ್ ಇತ್ತು, ಹೆಸರಿಲ್ಲದ್ದು. ಒಳಗೆ ಬರೀ ಖಾಲಿ ಹಾಳೆಗಳ ಫೋಟೊ. ಎಲ್ಲದರ ಬಲಮೂಲೆಯಲ್ಲೂ ಒಂದು ಹೆಬ್ಬೆರಳು. ಅದಕ್ಕೆ ಉಗುರಿರಲಿಲ್ಲ. ಫೋಲ್ಡರನ್ನೇ ಅಳಿಸಿದೆ. ಒಂದು ಹಾಳೆ ಹೆಚ್ಚಾಗಿ ಅದು ಮತ್ತೆ ಬಂತು. ಮೂರನೇ ಸಲ ಅಳಿಸುವಾಗ ಫೋನು ಫ್ರಿಜ್‌ನಿಂದ ತೆಗೆದಷ್ಟು ತಣ್ಣಗಿತ್ತು.

“ಬಿಟ್ಬಿಡೇ, ಅದರ ಪಾಡಿಗೆ ಅದು ಇರ್ಲಿ,” ಎಂದರು ಅತ್ತೆ.

“ಯಾಕಿರ್ಬೇಕು ಅತ್ತೆ? ಈ ಫೋನಲ್ಲಿ ನಾನು ಇಡದೇ ಇರೋದು ಒಂದೂ ಇರ್ಬಾರ್ದು.”

ಸುಮ್ಮನಿರುವ ಜಾಯಮಾನ ನನ್ನದಲ್ಲ. ಒಂದು ಹಾಳೆಯಲ್ಲಿ ‘ಇಲ್ಲಿ ನಿನಗೆ ಜಾಗ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು, ಫೋಟೊ ತೆಗೆದು, ಅದೇ ಫೋಲ್ಡರಿಗೆ ಹಾಕಿದೆ. ಆಮೇಲೆ ಹೊಸ ಹಾಳೆ ಬಂದಿಲ್ಲ. ನಾನೂ ಫೋಲ್ಡರನ್ನು ಅಳಿಸಿಲ್ಲ. ಹೆದರಿ ಅಳಿಸಿದಳು ಅನ್ನಿಸಿಕೊಳ್ಳಲು ನಾನು ತಯಾರಿಲ್ಲ.

ಅವತ್ತು ನಾನು ಬರೆದ ಹಾಳೆಯ ಫೋಟೊ ತೆಗೆಯುವಾಗ ಫ್ಯಾನ್ ಜೋರಾಗಿತ್ತು, ಹಾಳೆ ಹಾರಬೇಕಿತ್ತು, ಹಾರಲಿಲ್ಲ. ಆ ಫೋಟೊದಲ್ಲಿ ಎಡಮೂಲೆಯನ್ನು ನಾನು ಹಿಡಿದಿದ್ದೇನೆ. ಬಲಮೂಲೆಯನ್ನು ಒತ್ತಿ ಹಿಡಿದಿರುವ ಹೆಬ್ಬೆರಳಿಗೆ ಉಗುರಿಲ್ಲ.