ಎಡತೋಳಿನ ಹೊಲಿಗೆ

ಬೆಳಿಗ್ಗೆ ಹನ್ನೊಂದೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದವರು ಗಂಡ ಹೆಂಡತಿ. ಹೆಂಡತಿ ಮುಂದೆ, ಗಂಡ ಹಿಂದೆ. ಆಕೆ ಹೊಲಿಗೆ ಅಂಗಡಿಯ ಒಡತಿ, ಆತ ನಿವೃತ್ತ ಬಸ್ ಡ್ರೈವರ್. ಅಂದು ಅವರ ಮದುವೆಯಾಗಿ ಮೂವತ್ತು ವರ್ಷ ತುಂಬಿದ ದಿನ, ಸಮುದ್ರದ ದಂಡೆಯ ಹೋಟೆಲಿನಲ್ಲಿ ಎರಡು ದಿನ ಇರೋಣವೆಂದು ಹಿಂದಿನ ದಿನವೇ ಬಂದಿದ್ದರು.

“ಕೋಟು ಕಳುವಾಗಿದೆ. ಬರ್ಕೊಳ್ಳಿ,” ಎಂದಳು ದರ್ಜಿ.

“ಎಂಥ ಕೋಟು?” ಎಂದ ದಫೇದಾರ.

“ಇವರ ಮದುವೆ ಕೋಟು. ಕಪ್ಪು ಬಣ್ಣ, ಮೂವತ್ತು ವರ್ಷದ್ದು.”

ದಫೇದಾರ ತೆಗೆದಿದ್ದ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದ. “ಮೂವತ್ತು ವರ್ಷದ ಹಳೇ ಕೋಟಾ? ಅಮ್ಮಾ, ಅದನ್ನ ಕದ್ದೋನನ್ನ ನೋಡಿದ್ರೆ ನಂಗೇ ಅಯ್ಯೋ ಪಾಪ ಅನ್ಸುತ್ತೆ.”

“ನಗಬೇಡಿ ಸಾರ್. ಅದನ್ನ ಹೊಲಿದೋಳು ನಾನು. ಇವರ ಹೊಟ್ಟೆ ಬಂದಂಗೆಲ್ಲ ಸೊಂಟ ಬಿಚ್ಚಿ ಬಿಚ್ಚಿ ಹೊಲಿದಿದೀನಿ. ಪ್ರತಿವರ್ಷ ಇದೇ ದಿನ ಇವರು ಅದನ್ನ ಹಾಕ್ಕೊಂಡೇ ನನ್ನ ಜೊತೆ ಊಟಕ್ಕೆ ಕೂರೋದು. ಒಂದು ವರ್ಷನೂ ತಪ್ಪಿಲ್ಲ.”

“ಹೊಟ್ಟೆ ವಿಷಯ ಕಂಪ್ಲೇಂಟಲ್ಲಿ ಬೇಡ ಕಣೇ,” ಎಂದು ಗಂಡ ಗೊಣಗಿದ.

ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಹೊರಬಂದರು. ಕಳ್ಳತನದಲ್ಲಿ ದೊಡ್ಡದು ಚಿಕ್ಕದು ಎಂಬುದನ್ನು ಒಪ್ಪದ ಮನುಷ್ಯ ಅವರು. ಆ ಠಾಣೆಯವರೆಲ್ಲ ಅವರನ್ನು ಬೈದುಕೊಳ್ಳುತ್ತಿದ್ದುದೂ, ಹೊರಗಿನವರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದುದೂ ಇದೇ ಕಾರಣಕ್ಕೆ.

“ದಫೇದಾರ್ರೇ, ಪೆನ್ನಿನ ಮುಚ್ಚಳ ತೆಗೀರಿ,” ಎಂದರು. ಎಫ್‌ಐಆರ್ ದಾಖಲಾಯಿತು.

ಹೋಟೆಲಿನ ಎರಡನೇ ಮಹಡಿಯ ಕೋಣೆಗೆ ಇನ್ಸ್‌ಪೆಕ್ಟರ್ ಹೋದಾಗ ಜೊತೆಗಿದ್ದವಳು ಮಹಿಳಾ ಕಾನ್‌ಸ್ಟೆಬಲ್. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಕಣ್ಣು ಮಾತ್ರ ಬಲು ಚುರುಕು. ಬಾಗಿಲಿನ ಬೀಗ ಮುರಿದಿರಲಿಲ್ಲ. ಸಮುದ್ರದ ಕಡೆಯ ಕಿಟಕಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹೆಂಡತಿಯ ಕೈಬಳೆ, ಗಂಡನ ಗಡಿಯಾರ ಎರಡೂ ಮೇಜಿನ ಮೇಲೆ ಇಟ್ಟ ಹಾಗೇ ಇದ್ದವು.

ಬೆಳಗಿನ ತಿಂಡಿಗೆಂದು ದಂಪತಿಗಳು ಕೆಳಗೆ ಹೋಗಿದ್ದಾಗ ಆ ಕೋಣೆಯ ಕೀಲಿ ಮೂವರ ಕೈಗೆ ಬಂದಿತ್ತು: ಮ್ಯಾನೇಜರ್, ಕೋಣೆ ಗುಡಿಸುವ ಹೆಂಗಸು, ಇಸ್ತ್ರಿ ಬಟ್ಟೆ ತಂದಿಡುವ ಇಸ್ತ್ರಿ ಅಣ್ಣ.

“ಇನ್ಯಾರು ಸಾರ್, ಗುಡಿಸೋಳೇ,” ಎಂದ ಮ್ಯಾನೇಜರ್. “ಸಂಜೆ ಒಳಗೆ ಕೆಲಸದಿಂದ ತೆಗೆದುಹಾಕ್ತೀನಿ.”

“ತನಿಖೆ ನಮ್ದು. ನೀವು ಹೋಟೆಲ್ ನೋಡ್ಕೊಳ್ಳಿ,” ಎಂದರು ಇನ್ಸ್‌ಪೆಕ್ಟರ್.

ಕಾನ್‌ಸ್ಟೆಬಲ್ ಬಟ್ಟೆಯ ಬೀರುವಿನ ಮುಂದೆ ಮಂಡಿಯೂರಿ ಕೂತಿದ್ದಳು. “ಅಮ್ಮಾ, ಈ ಕಂದು ಜಾಕೆಟ್ ಯಾರದ್ದು?”

“ಇವರದ್ದೇ. ಒಂದೇ ಹ್ಯಾಂಗರಲ್ಲಿ ಒಳಗೆ ನಿನ್ನೆ ಇಸ್ತ್ರಿಯಾಗಿ ಬಂದ ಕೋಟು, ಮೇಲೆ ಜಾಕೆಟ್ ಹಾಕಿದ್ದೆ.”

“ಹಾಗಾದ್ರೆ ಇದನ್ನ ಮಡಿಸಿಟ್ಟೋರು ಯಾರು?”

ಜಾಕೆಟ್ಟಿನ ಒಂದು ಭುಜವನ್ನು ಒಳಹೊರಗು ಮಾಡಿ, ಇನ್ನೊಂದು ಭುಜವನ್ನು ಅದರೊಳಗೆ ಕೂರಿಸಿ, ಲೈನಿಂಗ್ ಹೊರಗೆ ಕಾಣುವಂತೆ ಮಡಿಸಿಡಲಾಗಿತ್ತು. ದರ್ಜಿ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು.

“ನಾನಂತೂ ಅಲ್ಲ. ಇವರು ಮೂವತ್ತು ವರ್ಷದಲ್ಲಿ ಒಂದು ಕರ್ಚೀಫೂ ಮಡಿಸಿಲ್ಲ. ಆದ್ರೆ ಸಾರ್, ಹೀಗೆ ಮಡಿಸೋದು ದರ್ಜಿಗಳು. ಭುಜದ ಆಕಾರ ಕೆಡಬಾರದು ಅಂತ. ನಮ್ಮ ಅಂಗಡೀಲಿ ಹೀಗೆ ಮಡಿಸದೇ ಇದ್ದೋರಿಗೆ ಅಳತೆ ಪಟ್ಟೀಲಿ ಗೆಣ್ಣಿಗೆ ಒಂದು ಬೀಳ್ತಿತ್ತು.”

“ನಮ್ಮಲ್ಲಿ ದರ್ಜಿನೇ ಇಲ್ವಲ್ಲ,” ಎಂದ ಮ್ಯಾನೇಜರ್.

ಇನ್ಸ್‌ಪೆಕ್ಟರ್ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. “ನಿಮ್ಮ ಕೋಟು ಬಿಚ್ಚಿ ಕೊಡಿ.”

“ಸಾರ್?”

“ಬಿಚ್ಚಿ.”

ಮಧ್ಯಾಹ್ನ ಎರಡು ಗಂಟೆಗೆ ಮ್ಯಾನೇಜರನ ಕೋಟು ಅವನದೇ ಕಚೇರಿಯ ಮೇಜಿನ ಮೇಲೆ ಬಿದ್ದಿತ್ತು. ಮೂವರಿಗೂ ಒಂದೇ ಮಾತು: “ಇದನ್ನ ಮಡಿಸಿ.” ಗುಡಿಸುವ ಹೆಂಗಸು ಅದನ್ನು ಹೊದಿಕೆ ಮಡಿಸಿದಂತೆ ನಾಲ್ಕು ಮಡಿಕೆ ಮಾಡಿದಳು. ಮ್ಯಾನೇಜರ್ ತನ್ನ ಕೋಟನ್ನು ತಾನೇ ಉಂಡೆ ಕಟ್ಟಿಟ್ಟ. ಠಾಣೆಯಿಂದ ಬಂದಿದ್ದ ದಫೇದಾರ ನಗು ಮರೆಸಲು ಗೋಡೆಯ ಕಡೆ ತಿರುಗಿ ಕೆಮ್ಮಿದ.

ಕೊನೆಗೆ ಬಂದವನು ಇಸ್ತ್ರಿ ಅಣ್ಣ. ಡೊಳ್ಳುಹೊಟ್ಟೆ, ನರೆತ ತಲೆ, ತಗ್ಗಿಸಿದ ಮುಖ. ಕೋಟನ್ನೆತ್ತಿ ಒಂದು ಸಲ ಕೊಡವಿದ. ಎಡಗೈ ಭುಜದೊಳಕ್ಕೆ ಹೋಯಿತು, ಭುಜ ಒಳಹೊರಗಾಯಿತು. ಇನ್ನೊಂದು ಭುಜವನ್ನು ಅದರೊಳಗೆ ಕೂರಿಸುವ ಹೊತ್ತಿಗೆ ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಹೊಳೆಯಿತು. ಕೈ ಅಲ್ಲೇ ನಿಂತಿತು.

“ಪೂರ್ತಿ ಮಾಡಿ,” ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ.

“ಬೇಡಿ ಸಾರ್.”

“ಕೋಟು ಎಲ್ಲಿ?”

ಇಸ್ತ್ರಿ ಅಣ್ಣ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟ.

“ಸಂಜೆ ಒಳಗೆ ಈಕೆ ಕೆಲಸ ಹೋಗುತ್ತೆ. ಗೊತ್ತಲ್ಲ?”

ಇಸ್ತ್ರಿ ಅಣ್ಣ ಗುಡಿಸುವ ಹೆಂಗಸಿನ ಕಡೆ ನೋಡಿದ. “ಅವಳನ್ನ ಬಿಟ್ಬಿಡಿ. ತಗೊಂಡಿದ್ದು ನಾನು. ಇಸ್ತ್ರಿ ಕೋಣೇಲಿದೆ.”

ಇಸ್ತ್ರಿ ಕೋಣೆ ನೆಲಮಾಳಿಗೆಯಲ್ಲಿತ್ತು. ಆವಿ, ಗಂಜಿ, ಬಿಸಿ ಬಟ್ಟೆಯ ವಾಸನೆ. ಕೋಟಿನ ಗುರುತು ಹಿಡಿಯಲು ದರ್ಜಿಯನ್ನೂ, ಸಾಕ್ಷಿಗೆ ಪಂಚರಾಗಿ ಮ್ಯಾನೇಜರನನ್ನೂ ಅಡುಗೆಯವನನ್ನೂ ಕರೆಸಲಾಯಿತು. ಹೋಟೆಲಿನ ಸಮವಸ್ತ್ರಗಳ ಹಿಂದೆ ಕೋಟು ತೂಗುತ್ತಿತ್ತು, ಅದರ ಮೇಲೊಂದು ಬಿಳಿ ಬಟ್ಟೆ ಹೊದಿಸಿತ್ತು.

“ಯಾಕೆ ತಗೊಂಡ್ರಿ?” ಎಂದರು ಇನ್ಸ್‌ಪೆಕ್ಟರ್ ಇಸ್ತ್ರಿ ಅಣ್ಣನಿಗೆ.

“ಸಂಜೆ ಊಟದ ಹೊತ್ತಿಗೆ ವಾಪಸ್ ಇಟ್ಬಿಡೋನೇ ಇದ್ದೆ. ನನ್ನ ಮಗಳು ಹೊಲಿಗೆ ಕಾಲೇಜಿಗೆ ಸೇರಿದಾಳೆ. ಇವತ್ತು ಬರ್ತಾಳೆ. ಅವಳಿಗೆ ತೋರಿಸ್ಬೇಕಿತ್ತು.”

“ಬೇರೆಯೋರ ಕೋಟನ್ನ?”

“ಅದರ ಎಡತೋಳು ನಂದು ಸಾರ್.”

ದರ್ಜಿಗೆ ಸಿಟ್ಟು ನೆತ್ತಿಗೇರಿತು. “ಏನ್ರೀ ಅದು? ಎಡತೋಳು ನಮ್ಮಮ್ಮಂದು! ಮದುವೆ ಹಿಂದಿನ ದಿನ ನಂಗೆ ಜ್ವರ ಬಂತು, ಅಮ್ಮ ಹೊಲಿದ್ಲು. ಮಿಕ್ಕಿದ್ದೆಲ್ಲ ನಂದು. ನಿನ್ನೆ ನಿಮಗೇ ಹೇಳಿದ್ನಲ್ಲ, ಇಸ್ತ್ರಿಗೆ ಕೊಡೋವಾಗ!”

“ಹೇಳಿದ್ರಿ. ಅದಕ್ಕೇ ತಡ್ಕೊಳ್ಳೋಕಾಗ್ಲಿಲ್ಲ ಅಕ್ಕಾ.” ಅಕ್ಕಾ ಎಂಬ ಮಾತಿಗೆ ಆಕೆ ತಟ್ಟನೆ ನಿಂತಳು. “ಅಮ್ಮನಿಗೆ ಆಗಲೇ ಕಣ್ಣು ಮಂಜಾಗಿತ್ತು. ನನ್ನನ್ನ ಕೂರಿಸಿ ಹೊಲಿಸಿದ್ರು. ಆಮೇಲೆ ನಿಮಗೆ ಹೇಳ್ತೀನಿ ಅಂದಿದ್ರು. ಹೇಳ್ಲೇ ಇಲ್ಲ ಅಂತ ನಿನ್ನೆ ಗೊತ್ತಾಯ್ತು.”

ದರ್ಜಿ ಹತ್ತಿರ ಬಂದು ಅವನ ಮುಖವನ್ನೇ ದಿಟ್ಟಿಸಿದಳು. “ಕಡ್ಡಿ? ಲೋ, ನೀನು ನಮ್ಮ ಅಂಗಡೀಲಿ ಕೆಲಸ ಕಲೀತಿದ್ದ ಕಡ್ಡಿನೇನೋ?”

“ಹೂಂ ಅಕ್ಕ. ಈಗ ಕಡ್ಡಿ ಅಂತ ಯಾರೂ ಕರೆಯಲ್ಲ. ಹೊಟ್ಟೆ ಬಂತು. ರೆಡಿಮೇಡ್ ಬಂತು, ನಾನಿಟ್ಟಿದ್ದ ಅಂಗಡಿ ಹೋಯ್ತು, ಇಸ್ತ್ರಿ ಪೆಟ್ಟಿಗೆ ಹಿಡ್ದೆ. ಮಗಳಿಗೂ ಅಷ್ಟೇ ಗೊತ್ತು. ‘ಅಪ್ಪ, ನಿಂಗೇನು ತಿಳಿಯುತ್ತೆ, ಇಸ್ತ್ರಿ ಹಾಕೋನು’ ಅಂತಾಳೆ.”

ಇನ್ಸ್‌ಪೆಕ್ಟರ್ ನಡುವೆ ಬಂದರು. “ಬಾಯಿಮಾತು ಸಾಲದು. ತೋಳು ನಿಮ್ದು ಅನ್ನೋಕೆ ಗುರುತೇನಿದೆ?”

“ಭುಜ ಎದ್ದು ನಿಲ್ಲೋಕೆ ಲೈನಿಂಗ್ ಒಳಗೆ ಒತ್ತು ಇಡ್ತೀವಲ್ಲ, ಅದಕ್ಕೆ ಬಟ್ಟೆ ಸಾಲಲಿಲ್ಲ ಸಾರ್. ನನ್ನ ಅಂಗಿಯ ಜೇಬು ಕಿತ್ತು ಇಟ್ಟೆ. ನೀಲಿ, ಚೌಕುಳಿ ಚೌಕುಳಿ. ಮಗಳಿಗೆ ಅದನ್ನೇ ತೋರಿಸೋಣ ಅಂತಿದ್ದೆ. ಆದ್ರೆ ಬಿಚ್ಚೋಕೆ ಕೈ ಬರ್ಲಿಲ್ಲ.”

ಪಂಚರ ಸಮಕ್ಷಮ ದರ್ಜಿಯೇ ಕತ್ತರಿ ಹಿಡಿದಳು. ಎಡಭುಜದ ಲೈನಿಂಗನ್ನು ಎರಡು ಬೆರಳಷ್ಟು ಬಿಚ್ಚಿದಳು. ಒಳಗಿನಿಂದ ನೀಲಿ ಚೌಕುಳಿಯ ತುಂಡೊಂದು ಇಣುಕಿತು. ಜೇಬಿನ ಹಳೆಯ ಹೊಲಿಗೆ ಗುರುತು ಕೂಡ ಅದರಲ್ಲಿ ಹಾಗೇ ಇತ್ತು.

ದರ್ಜಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಅಮ್ಮ ಸಾಯೋವರೆಗೂ ಆ ತೋಳು ತೋರಿಸಿ ಜಂಬ ಕೊಚ್ಕೊಂಡ್ಲಲ್ಲೋ! ಮೂವತ್ತು ವರ್ಷದಲ್ಲಿ ಈ ಕೋಟಲ್ಲಿ ಎಲ್ಲಾ ಕಡೆ ಬಿಚ್ಚಿದೀನಿ ಕಣೋ. ಈ ತೋಳೊಂದನ್ನ ಮುಟ್ಟಿಲ್ಲ. ಅಷ್ಟು ಗಟ್ಟಿ ಹೊಲಿಗೆ, ಮುಟ್ಟೋ ಅಗತ್ಯನೇ ಬೀಳ್ಲಿಲ್ಲ.” ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. “ಸಾರ್, ಕೇಸು ವಾಪಸ್ ತಗೋತೀನಿ.”

“ಎಫ್‌ಐಆರ್ ಆಗಿದೆ ಅಮ್ಮಾ. ಕೇಳದೆ ತಗೊಂಡಿದ್ದು ಕಳ್ಳತನವೇ. ಬಂಧಿಸ್ಬೇಕು. ಕೋಟು ಕೋರ್ಟಿಗೆ ಹೋಗ್ಬೇಕು. ನೀವು ಹೇಳೋದನ್ನ ಅಲ್ಲಿ ಹೇಳಿ.”

“ಹಾಗಾದ್ರೆ ಪಂಚನಾಮೇಲಿ ಮಾಲಿನ ವಿವರ ನಾನು ಹೇಳಿದ ಹಾಗೆ ಬರೀರಿ. ವಿವರ ಸರಿ ಇರ್ಬೇಕು ತಾನೇ?”

“ಇರ್ಲೇಬೇಕು.”

ಆಕೆ ಹೇಳಿದಳು, ದಫೇದಾರ ಬರೆದ. ಈ ಸಲ ಅವನು ನಗಲಿಲ್ಲ. “ಕಪ್ಪು ಬಣ್ಣದ ಗಂಡಸರ ಕೋಟು ಒಂದು. ಹೊಲಿದವರು ಫಿರ್ಯಾದುದಾರರು. ಎಡತೋಳನ್ನು ಮಾತ್ರ ಹೊಲಿದವರು ಆರೋಪಿ. ಸದರಿ ತೋಳಿನ ಹೊಲಿಗೆ ಈವರೆಗೆ ಎಲ್ಲಿಯೂ ಬಿಟ್ಟಿರುವುದಿಲ್ಲ.” ಪಂಚರು ರುಜು ಹಾಕಿದರು. ಇಸ್ತ್ರಿ ಅಣ್ಣ ಎರಡು ಸಲ ಓದಿ, ತಲೆಯೆತ್ತಿ, ಪೂರ್ತಿ ಹೆಸರು ಬರೆದು ರುಜು ಹಾಕಿದ.

ಸಂಜೆ ಐದಕ್ಕೆ ಬಂಧನವಾಯಿತು. ಜಾಮೀನಿಗೆ ನಿಲ್ಲಲು ಮುಂದೆ ಬಂದವಳು ಫಿರ್ಯಾದುದಾರಳೇ. ತನಿಖಾ ವರದಿಯ ಮೊದಲ ಸಾಲಿನಲ್ಲೇ ಇನ್ಸ್‌ಪೆಕ್ಟರ್, ಪ್ರಕರಣ ಭೇದಿಸಿದ್ದು ಮಹಿಳಾ ಕಾನ್‌ಸ್ಟೆಬಲ್ ಎಂದು ಬರೆದರು. ಗುಡಿಸುವ ಹೆಂಗಸಿನ ಹತ್ತಿರ ಮ್ಯಾನೇಜರ್ ಎಲ್ಲರೆದುರೇ ತಪ್ಪಾಯಿತೆಂದ. ಅಪರಾಧಕ್ಕೆ ಪ್ರೇರಣೆ ಎಂಬಲ್ಲಿ ಇನ್ಸ್‌ಪೆಕ್ಟರ್ ತುಸು ಹೊತ್ತು ಯೋಚಿಸಿ, “ತನ್ನ ಕೆಲಸವನ್ನು ಮಗಳಿಗೆ ತೋರಿಸುವ ಆಸೆ” ಎಂದು ಬರೆದರು.

ಇಸ್ತ್ರಿ ಕೋಣೆಯಲ್ಲೇ ಕೋಟನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಸೀಲ್ ಹಾಕಲು ದಫೇದಾರ ಬೆಂಕಿಕಡ್ಡಿ ಗೀರಿದ್ದ. ಅಷ್ಟರಲ್ಲಿ ಇಸ್ತ್ರಿ ಅಣ್ಣನ ಮಗಳು ಮೆಟ್ಟಿಲಿಳಿದು ಬಂದಳು. ಮುಖ ಅವಮಾನದಿಂದ ಕೆಂಪೇರಿತ್ತು. “ಅಪ್ಪಾ, ಕಳ್ಳತನ ಮಾಡಿದ್ಯಾ?”

ದರ್ಜಿ ಪಂಚನಾಮೆಯ ಪ್ರತಿಯನ್ನು ಅವಳ ಕೈಗಿತ್ತಳು. ಹುಡುಗಿ ಓದಿದಳು. ಕೋಟಿಗೆ ಸುತ್ತಿದ್ದ ಬಟ್ಟೆ ಸರಿಸಿ ಎಡತೋಳನ್ನು ಬೆಳಕಿಗೆ ಹಿಡಿದು ಭುಜದ ಸುತ್ತ ಬೆರಳಾಡಿಸಿದಳು. ಬಲತೋಳನ್ನೂ ನೋಡಿದಳು. ಮತ್ತೆ ಎಡತೋಳಿಗೇ ಬಂದಳು.

“ಒಂದು ಸುಕ್ಕೂ ಇಲ್ವಲ್ಲ. ನಂಗೆ ಎಷ್ಟು ಸಲ ಮಾಡಿದ್ರೂ ಬರ್ತಿಲ್ಲ. ಇದನ್ನ ಹೇಗೆ ಕೂರಿಸಿದೆ ಅಪ್ಪಾ?”

ದಫೇದಾರ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ಬಗ್ಗಿ ಬೆಂಕಿಕಡ್ಡಿ ಊದಿ ಆರಿಸಿದರು.

“ಸೀಲ್ ಆಮೇಲೆ ಹಾಕಿದ್ರಾಯ್ತು,” ಎಂದರು. “ಹೇಳ್ಕೊಡಿ, ಮೇಷ್ಟ್ರೇ.”